ಅರ್ಧ ಸೀಸೆ ನೀಲಿ

ಭಾನುವಾರ ಆರೂವರೆಗೆ ತಂಗಡಿಕೆರೆಯ ಏರಿಯ ಮೇಲೆ
ನಾವು ಏಳೆಂಟು ಜನ.
ಒಂದು ಬಕೆಟ್ಟು, ಅದಕ್ಕೆ ಹಗ್ಗ,
ಜಬೀನಾಳ ಮಗ ಕಾಲೇಜಿನಿಂದ ಕೇಳಿ ತಂದ ಗಾಜಿನ ಸೀಸೆಗಳು,
ಮತ್ತೆ ನನ್ನ ಹಳೇ ಚರ್ಮದ ಚೀಲ.
ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಚಿಲ್ಲರೆ ಕುಲುಕಿದ್ದು,
ಈಗ ಅದರೊಳಗೆ ನೀರಿನ ಲೆಕ್ಕದ ಪುಸ್ತಕ.

ಸೀಸೆಗೆ ಮೂರು ಹನಿ ಹಾಕಿ ಅಲುಗಾಡಿಸಿದರೆ
ನೀರು ತನ್ನ ಕಥೆ ಹೇಳುತ್ತದೆ, ಬಣ್ಣದಲ್ಲಿ.
ಮೀನಿಗೆ ಉಸಿರಾಡಲು ನಾಲ್ಕು ಬೇಕಂತೆ.
ಕೋಡಿಯ ಹತ್ತಿರ ಮೂರೂವರೆ.
ತೂಬಿನ ಹತ್ತಿರ ಮೂರು.
ಕಾಲುವೆ ಬಂದು ಸೇರುವ ಬಾಯಲ್ಲಿ
ಸೊನ್ನೆ ಎಂದು ಬರೆಯುವಾಗೆಲ್ಲ ಪೆನ್ನು ಒಮ್ಮೆ ತಡೆಯುತ್ತದೆ,
ಪರಿಚಯದವರ ಹೆಸರಿನ ಹಿಂದೆ ದಿವಂಗತ ಸೇರಿಸುವಾಗಿನಂತೆ.

"ಮಳೆಯಿಲ್ಲದ ಫೆಬ್ರವರೀಲಿ ಕಾಲುವೆ ಹರೀತದೆ ಅಂದ್ರೆ
ಅದು ಕಾಲುವೆಯಲ್ಲ ಕಣಕ್ಕ, ಯಾರದೋ ಬಚ್ಚಲು,"
ಅಂದ ಪಿಳ್ಳಮುನಿಯಪ್ಪ.
ಅವನಪ್ಪ ಈ ಕೆರೆಯ ನೀರುಗಂಟಿ;
ಅವನು ತೂಬು ಎಷ್ಟು ಬೆರಳು ಎತ್ತಿದರೆ
ಅಷ್ಟೇ ಹಸಿರಾಗುತ್ತಿತ್ತಂತೆ ಕೆಳಗಿನ ಬಯಲು.
ಈಗ ಆ ಗದ್ದೆಗಳಿಗೆ ಅಡ್ಡರಸ್ತೆಯ ನಂಬರು.
ಎಲ್ಲಿ ಭತ್ತ, ಎಲ್ಲಿ ರಾಗಿ ಎಂದು ಕೇಳಿದರೆ
"ಅಗೋ ಜಿಮ್ಮು, ಇಗೋ ಬೇಕರಿ," ಎಂದು ತೋರಿಸುತ್ತಾನೆ.

ಹಾಗೆ ಹೊರಟೆವು ಮೇಲಕ್ಕೆ,
ನೀರು ಬಂದ ದಾರಿಗೆ ಎದುರಾಗಿ.
ಮೊದಲ ವಾರ ಸಿಕ್ಕಿದ್ದು ಹೋಟೆಲಿನ ಹಿತ್ತಿಲ ಪೈಪು,
ಇನ್ನೂ ಬಿಸಿ, ಸಾಂಬಾರಿನ ವಾಸನೆ.
ಓನರು ಕಾಫಿ ಕೊಟ್ಟ, ಪೈಪು ತೆಗೆಯಲಿಲ್ಲ.
ಆಮೇಲೆ ರಾತ್ರಿ ಬಂದು ಹೊಟ್ಟೆ ಖಾಲಿ ಮಾಡಿ ಹೋಗುವ ಟ್ಯಾಂಕರು.
ಹಸುವಿಗೆ ಜೊಂಡು ಕೊಯ್ಯುವ ಚಿಕ್ಕತಾಯಮ್ಮ
ಎರಡು ರಾತ್ರಿ ಕುಡುಗೋಲು ಹಿಡಿದೇ ಕೂತಿದ್ದಳು;
ಮೂರನೇ ರಾತ್ರಿ ಟ್ಯಾಂಕರು ಬರಲಿಲ್ಲ.
ಬೇರೆ ಕೆರೆಗೆ ಹೋಗಿರಬೇಕು.
ಅದನ್ನು ಗೆಲುವೆಂದು ಬರೆಯಲೋ ಬೇಡವೋ ತಿಳಿಯದೆ
ಆ ಸಾಲು ಖಾಲಿ ಬಿಟ್ಟಿದ್ದೇನೆ.

ಉಳಿದದ್ದು ಮನೆಗಳು.
ಎಲ್ಲರೂ "ನಮ್ಮದು ಒಳಚರಂಡಿಗೇ ಸೇರಿದೆ" ಅನ್ನುವವರೇ.
ಸುಳ್ಳಲ್ಲ, ಯಾರಿಗೂ ಗೊತ್ತಿಲ್ಲ ಅಷ್ಟೇ;
ನೆಲದಡಿ ಹೋದದ್ದನ್ನು ಯಾರು ಹಿಂಬಾಲಿಸುತ್ತಾರೆ?
ಜಬೀನಾ ಉಪಾಯ ಹೇಳಿದಳು: ಬಿಳಿ ಬಟ್ಟೆಗೆ ಹಾಕುವ ನೀಲಿ.
ಬಚ್ಚಲಿಗೆ ಅರ್ಧ ಸೀಸೆ, ಅದರ ಹಿಂದೆ ಎರಡು ಬಕೆಟ್ ನೀರು,
ಕೆಳಗೆ ಕಾಲುವೆಯಲ್ಲಿ ಒಬ್ಬರು ಕಾಯುವುದು.

ಯಾರ ಮನೆಯಿಂದ ಶುರು?
"ನನ್ನದರಿಂದ," ಅಂದೆ, ಸ್ವಲ್ಪ ಜಂಬದಿಂದಲೇ.
ಟಿಕೆಟ್ ಇಲ್ಲದವರ ಮುಖವನ್ನು
ಹಿಂದಿನ ಬಾಗಿಲಿನಿಂದಲೇ ಗುರುತು ಹಿಡಿಯುತ್ತಿದ್ದವಳು ನಾನು.
ಸುರಿದೆ. ಕಾದೆ.
ಕೆಳಗೆ ಪಿಳ್ಳಮುನಿಯಪ್ಪ ಹಚ್ಚಿದ ಬೀಡಿ ಮುಗಿಯುವಷ್ಟರಲ್ಲಿ
ಫೋನು ಬಂತು. ಸ್ವಲ್ಪ ಹೊತ್ತು ಬರೀ ಉಸಿರು.
"ಅಕ್ಕಾ, ನೀಲಿ."

ಇಳಿದು ಹೋಗಿ ನೋಡಿದೆ.
ಕಪ್ಪು ನೀರಿನ ನಡುವೆ ಒಂದು ಎಳೆ,
ಶಾಲೆ ಮಕ್ಕಳ ಅಂಗಿಯ ನೀಲಿ,
ಯಾವ ಅವಸರವೂ ಇಲ್ಲದೆ ಕೆರೆಯ ಕಡೆ ಹೊರಟಿತ್ತು.
ಹದಿನಾಲ್ಕು ವರ್ಷ ನನ್ನ ಸ್ನಾನ, ನನ್ನ ಸೋಪು,
ಅತ್ತೆಯ ಕೊನೆಯ ತಿಂಗಳ ಬಟ್ಟೆ ಒಗೆದ ನೀರು,
ಎಲ್ಲ ಇದೇ ದಾರಿಯಲ್ಲಿ, ಟಿಕೆಟ್ ಇಲ್ಲದೆ.
ಯಾರೂ ಏನೂ ಅನ್ನಲಿಲ್ಲ. ಚಿಕ್ಕತಾಯಮ್ಮ ಮಾತ್ರ
"ಸದ್ಯ, ಗೊತ್ತಾಯ್ತಲ್ಲ," ಅಂದು
ಜೊಂಡಿನ ಹೊರೆ ತಲೆಗೇರಿಸಿದಳು.

ರಸ್ತೆ ಅಗೆಸಲು ಅರ್ಜಿ, ಗುತ್ತಿಗೆದಾರ, ಹತ್ತೊಂಬತ್ತು ಸಾವಿರ.
ನಮ್ಮ ಅಡ್ಡರಸ್ತೆಯಲ್ಲೇ ಹನ್ನೊಂದು ಮನೆಯದು ನೀಲಿ ಬಂತು;
ನನ್ನದನ್ನು ಮೊದಲು ಹೇಳಿದ ಮೇಲೆ ಬಾಗಿಲು ತೆರೆದರು.
ಇಬ್ಬರು ಇನ್ನೂ ತೆರೆದಿಲ್ಲ.
ಹೋಟೆಲಿನವನು ಇನ್ನೂ ಕಾಫಿ ಕೊಡುತ್ತಾನೆ.

ಈ ಭಾನುವಾರ, ಕಾಲುವೆಯ ಬಾಯಲ್ಲಿ,
ಜಬೀನಾಳ ಮಗ ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದ.
ಸೊನ್ನೆಯಲ್ಲ. ಸೊನ್ನೆ ಪಾಯಿಂಟ್ ಆರು.
ಇದರಲ್ಲಿ ಮೀನು ಬದುಕುವುದಿಲ್ಲ ಆಂಟಿ, ಅಂದ,
ಒಂದು ಜಾತಿ ಕೆಂಪು ಹುಳ ಬದುಕಬಹುದು.
ಬರೆದುಕೊಂಡೆ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ
ಬಾಕಿ ಬರೆದುಕೊಡುತ್ತಿದ್ದೆನಲ್ಲ,
ಹಾಗೇ, ಕೆಳಗೆ ಗುಂಡಗೆ ಸುತ್ತು ಹಾಕಿ:
ಕೊಡಬೇಕು, ಮೂರು ಪಾಯಿಂಟ್ ನಾಲ್ಕು.