ಅರ್ಧ ಇಂಚು

ಅರಮನೆ ರಸ್ತೆಯಲ್ಲಿ ಬಸ್ಸಿಳಿದು ಗೇಟು ದಾಟಿದಾಗ
ಸಿಸಿಲಿಯಕ್ಕ ಕೇಳಿದ್ದು ಒಂದೇ: "ಮೆಟ್ಟಿಲು ಎಷ್ಟು?"
ಏಳು, ಅಂದೆ. ಪಕ್ಕದಲ್ಲೇ ಇಳಿಜಾರೂ ಇದೆ.
"ಮೆಟ್ಟಿಲೇ ಇರಲಿ. ಇಂಥ ಮನೆಗೆ
ಮುಂಬಾಗಿಲಿಂದ ಹೋಗ್ತಿರೋದು ಇದೇ ಮೊದಲು."

ಮೂವತ್ತು ವರ್ಷ ಬಂಗಲೆಗಳ ಹಿಂದಿನ ವರಾಂಡದಲ್ಲಿ ಕೂತು
ಪರದೆ ಹೊಲಿದವಳು, ರವಿಕೆ ಹೊಲಿದವಳು.
ನನ್ನ ಕಣ್ಣು ಸೂಜಿಯ ಕಣ್ಣಲ್ಲೇ ಉಳಿದುಹೋಯ್ತು
ಅನ್ನುತ್ತಾಳೆ, ನಗುತ್ತಾಳೆ.

ಒಳಗೆ ತಂಪು. ಮರದ ನೆಲ ಒಮ್ಮೆ ಕೆಮ್ಮಿತು.
ನನಗೆ ಎಲ್ಲೆಲ್ಲೂ ಒಂದೇ ಫಲಕ: ಮುಟ್ಟಬೇಡಿ.
ಅವಳಿಗೆ ಮಾತ್ರ ಮೇಜಿನ ಮೇಲೊಂದು ಚಿತ್ರ,
ಗೋಡೆಯ ಮೇಲಿನದ್ದೇ, ಉಬ್ಬುಗೆರೆಗಳಲ್ಲಿ:
ಕಿಟಕಿಯ ಬಳಿ ನಿಂತ ಹೆಂಗಸು.

ಬೆರಳು ಕೆನ್ನೆ ದಾಟಿತು, ಕೊರಳು ದಾಟಿತು,
ತೋಳಿನ ಹತ್ತಿರ ನಿಂತಿತು.
"ಕಂಕುಳಲ್ಲಿ ಬಿಗಿ. ಪಾಪ,
ಕೈ ಎತ್ತೋಕಾಗಲ್ಲ ಇವಳಿಗೆ."

ಗೋಡೆಯತ್ತ ತಿರುಗಿದೆ. ನಾಲ್ಕು ಸಲ ನೋಡಿದ ಚಿತ್ರ;
ಬೆಳಕು ನೋಡಿದ್ದೆ, ಬಣ್ಣ ನೋಡಿದ್ದೆ, ಇಸವಿ ಓದಿದ್ದೆ.
ಚಿಲಕದ ಕಡೆ ಹೊರಟು ಅರ್ಧಕ್ಕೇ ನಿಂತ ಆ ಕೈ
ಈಗ ನನ್ನ ಭುಜದಲ್ಲಿ ನೋಯತೊಡಗಿತು.

ಟೈಮಾಯ್ತಮ್ಮ, ಅಂದ ಕಾವಲಿನವನು.
ಅವಳಿನ್ನೂ ಹೆಬ್ಬೆರಳು ತೋರುಬೆರಳ ನಡುವೆ
ಹೊಲಿಗೆಯ ಅಂಚು ಹಿಡಿದೇ ಇದ್ದಳು:
"ಅರ್ಧ ಇಂಚು ಬಿಚ್ಚಿದ್ರೆ ಸಾಕು."