ಚಪ್ಪಲಿ ಪಾಠ

ಡೀನ್ ಎಂಬ ಹಿತ್ತಾಳೆ ಫಲಕ ಬಿಚ್ಚಲು ನನ್ನನ್ನೇ ಕಳಿಸಿದರು.
ನಾಲ್ಕು ತಿರುಪು. ಮೂರು ಸಲೀಸಾಗಿ ಬಂದವು.
ನಾಲ್ಕನೆಯದಕ್ಕೆ ತುಕ್ಕು, ಎಂಟು ವರ್ಷ ಎಸಿ ನೀರು ಕುಡಿದದ್ದು.
"ಬಿಡು ಅದನ್ನು," ಎಂದರು ಡಾಕ್ಟರ್ ಮೌಜಾ,
ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತ,
"ಒಂದೇ ತಿರುಪಲ್ಲಿ ನೇತಾಡಲಿ. ಬರುವವರಿಗೆ ಅಂದಾಜು ಸಿಗುತ್ತದೆ."

ಅದನ್ನು ಗೋಡೆಗೆ ಕೂರಿಸಿದವನೂ ನಾನೇ.
ಅದಕ್ಕೂ ಮೊದಲು ಹದಿನಾಲ್ಕು ವರ್ಷ
ಕೆಳಗಿನ ಜೆರಾಕ್ಸ್ ಕೋಣೆಯಲ್ಲಿ
ಅವರ ಪ್ರಶ್ನೆಪತ್ರಿಕೆಗಳನ್ನು ಬಿಸಿಬಿಸಿ ಇಳಿಸಿಕೊಟ್ಟವನು.
ಓದಲು ಬಾರದವನ ಕೈಯಿಂದ ಪ್ರಶ್ನೆ ಸೋರುವುದಿಲ್ಲ
ಎಂದು ಆಫೀಸು ನಂಬಿತ್ತು.
ಪ್ರತಿ ಮೇ ತಿಂಗಳು ನಕಲು ತೆಗೆಯುತ್ತ ತೆಗೆಯುತ್ತ
ಬಲದಿಂದ ಎಡಕ್ಕೆ ಓದಲು ಕಲಿತೆ. ಯಾರಿಗೂ ಹೇಳಲಿಲ್ಲ.
ಅವರಿಗೆ ಗೊತ್ತಿತ್ತು. ಅವರೂ ಹೇಳಲಿಲ್ಲ.

ಡೀನ್ ಆದ ಮೇಲೂ ಬಿಟ್ಟುಕೊಡದ ಪಾಠ ಒಂದಿತ್ತು,
ಸೆಪ್ಟೆಂಬರಿನ ಮೊದಲನೆಯದು, ಚಪ್ಪಲಿಯದು.
ಶುಕ್ರವಾರ, ಮಸೀದಿಯ ಬಾಗಿಲು, ಒಂದೇ ಬಣ್ಣದ ನೂರು ಜೋಡಿ.
ಒಬ್ಬ ಇನ್ನೊಬ್ಬನದನ್ನು ಮೆಟ್ಟಿ ಹೋದ. ಕಳ್ಳನೋ?
ಹೌದು ಎನ್ನುತ್ತಾರೆ ಹುಡುಗಿಯರು;
ಹದಿನೆಂಟಕ್ಕೆ ಎಲ್ಲರೂ ನ್ಯಾಯಾಧೀಶರೇ.
ಆಗ ಬೋರ್ಡಿನ ಮೇಲೆ ಒಂದೇ ಪದ: ಕಸ್ದ್. ಮನಸ್ಸಿನಲ್ಲಿ ಏನಿತ್ತು?
"ಕಾಲು ಹೋಯಿತು, ಮನಸ್ಸು ಹೋಗಲಿಲ್ಲ.
ಅಳತೆ ತನ್ನದಲ್ಲವೆಂದು ಬಸ್ಸಿನಲ್ಲಿ ತಿಳಿದ ಮೇಲೂ
ಹಿಂದಿರುಗದಿದ್ದರೆ, ಆ ಸ್ಟಾಪಿನಿಂದ ನನ್ನ ಕೆಲಸ ಶುರು."
ಟೋನರ್ ಹಿಡಿದು ಬಾಗಿಲಲ್ಲಿ ನಿಂತು ಇಪ್ಪತ್ತೆರಡು ಸಲ ಕೇಳಿದ್ದೇನೆ.
ನನಗೆ ಪ್ರತಿ ಸಲವೂ ನೆನಪಾಗುವವನು ಇನ್ನೊಬ್ಬ,
ಶಾರ್ಜಾದ ಬಿಸಿಲಲ್ಲಿ ಬರಿಗಾಲಲ್ಲಿ ಉಳಿದವನು.

ಖೋರ್‌ಫಕ್ಕಾನಿನ ಬಲೆಗಾರನ ಮಗಳು, ಕೈರೋದಲ್ಲಿ ಓದು.
ಮೀನಿನ ಹರಾಜಿನ ಜಗಳದಲ್ಲಿ ತಂದೆ ಎರಡು ರಾತ್ರಿ ಲಾಕಪ್ಪಿನಲ್ಲಿ.
ತರಗತಿಯಲ್ಲಿ ಇದನ್ನೆಂದೂ ಹೇಳಲಿಲ್ಲ. ನನಗೆ ಹೇಳಿದರು,
ಕಾಗದ ಸಿಕ್ಕಿಕೊಂಡ ಯಂತ್ರದ ಮುಂದೆ ಕಾಯುತ್ತ.

ಅವರ ನಾಲಿಗೆಗೆ ಪ ಇಲ್ಲ. ಪುತ್ತೂರಿನ ಪೂವಪ್ಪ
ಇಲ್ಲಿ ಬೂವಬ್ಬ.
"ಹಾಗಾದರೆ ಪಾಪಕ್ಕೆ ಏನನ್ನುತ್ತೀರಿ?" ಎಂದೆ ಒಮ್ಮೆ,
ಅರ್ಧ ಹಿಂದಿ, ಅರ್ಧ ಅರಬಿ.
ಹಾಗೆಂದರೆ? ತಪ್ಪು, ದೇವರ ಲೆಕ್ಕದ್ದು, ಎಂದು ಬಿಡಿಸಿದೆ.
"ಅದು ನನ್ನ ಇಲಾಖೆಯಲ್ಲ ಬೂವಬ್ಬ. ನನ್ನದು ಅಪರಾಧ ಮಾತ್ರ."

ಆ ಚಳಿಗಾಲವೇ, ರೋಲಾದ ನಮ್ಮ ಆರು ಮಂಚದ ಕೋಣೆಯಿಂದ
ಹಿರಿಯೂರಿನ ತಿಪ್ಪೇಶನನ್ನು ಕರೆದೊಯ್ದರು.
ಎಂಟು ಮೀಟರ್ ತಾಮ್ರದ ತಂತಿ; ಕಸ ಅಂದುಕೊಂಡೆ ಎಂದನಂತೆ.
ಅವರು ಕೇಳಿದ್ದು: ಬೇಲಿಯ ಒಳಗೋ ಹೊರಗೋ?
ಹಗಲೋ? ಮುಚ್ಚಿ ತಂದನೋ, ಹೆಗಲ ಮೇಲೋ?
ಒಳ್ಳೆಯವನೋ ಎಂದು ಮಾತ್ರ ಕೇಳಲೇ ಇಲ್ಲ.
ಹಳೆಯ ವಿದ್ಯಾರ್ಥಿನಿಯೊಬ್ಬಳ ನಂಬರ್ ಬರೆದುಕೊಟ್ಟರು.
ಮೂರು ತಿಂಗಳಿಗೆ ಬಿಟ್ಟರು, ನೇರ ವಿಮಾನಕ್ಕೆ.
ಮಂಚಕ್ಕೆ ಆಗಲೇ ಒಬ್ಬ ನೇಪಾಳಿ ಬಂದಿದ್ದ.
ಸುದ್ದಿ ಹೇಳುತ್ತ, ಬಾಯಿತಪ್ಪಿ, "ಪಾಪ" ಎಂದೆ.
"ಅಂದರೆ ಕದ್ದದ್ದು ಹೌದು ಅಂತಲೋ?"
ಅಲ್ಲ, ಅಲ್ಲ. ನಮ್ಮಲ್ಲಿ ಮರುಕಕ್ಕೂ ಅದೇ ಮಾತು.
ಅವರು ಕನ್ನಡಕ ತೆಗೆದರು. ಎರಡಕ್ಕೂ ಒಂದೇ?
ಯಾರದೋ ಉತ್ತರಪತ್ರಿಕೆಯ ಅಂಚಿನಲ್ಲಿ
ಕಿವಿಗೆ ಬಿದ್ದಂತೆ ಬರೆದುಕೊಂಡರು: ಬಾಬ.
ಬಾಬ್ ಎಂದರೆ ಅವರಲ್ಲಿ ಬಾಗಿಲು.
ಕಾನೂನು ಪುಸ್ತಕದಲ್ಲಾದರೆ, ಅಧ್ಯಾಯ.

ಈಗ ಮತ್ತೆ ಬರಿಯ ಪ್ರೊಫೆಸರ್, ಮೊದಲ ವರ್ಷಕ್ಕೆ.
ಹೊಸ ಡೀನರ ಸುತ್ತೋಲೆ: ಕಾರ್ಡಿಲ್ಲದೆ ನಕಲಿಲ್ಲ.
ನಿನ್ನೆ ಕಾರ್ಡ್ ಮರೆತು ಬಂದರು, ಚಪ್ಪಲಿ ಪಾಠ, ನಲವತ್ತು ಪ್ರತಿ.
ನನ್ನದನ್ನೇ ಯಂತ್ರಕ್ಕೆ ತೋರಿಸಿದೆ.
"ಕೃತ್ಯ ಇದೆ," ಎಂದರು ಹಾಳೆ ಎಣಿಸುತ್ತ, "ಉದ್ದೇಶವೂ ಇದೆ."
"ಪಾಪ," ಎಂದೆ.
"ಯಾವುದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ,
ಬಿಸಿ ಕಾಗದ ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.