ಕೊಸರು

ಮಲ್ಪೆಯಿಂದ ಕೊಡವೂರಿಗೆ ಏಳೂವರೆಯ ಬಸ್ಸು.
ನಿಮ್ಮ ಮೆಟ್ಟಿಲಲ್ಲಿ ಬುಟ್ಟಿ ಇಳಿಸುವಾಗ ಎಂಟೂಕಾಲು.
ಓದ್ಲಿಕ್ಕೆ ಬರುವುದಿಲ್ಲ ನನಗೆ, ಎಣಿಸ್ಲಿಕ್ಕೆ ಬರ್ತದೆ ವಾರಿಜಕ್ಕ:
ಮನೆಯಲ್ಲಿ ಐದು ಜನ. ಬಂಗುಡೆ ನಾಲ್ಕು.

ಮೂರು ವರ್ಷ ಕೇಳಲಿಲ್ಲ.
ಮೀನಿನವಳು ಬಾಗಿಲ ಹೊರಗಿನವಳು,
ಒಳಗಿನ ಬಟ್ಟಲಿಗೆ ಬಾಯಿ ಹಾಕಬಾರದು.
ಮೀನು ಕೊಯ್ಯುವ ಕಲ್ಲಿನ ಹತ್ತಿರ ಬೆಕ್ಕು ಕೂಡ ದಪ್ಪಗಾಯಿತು.
ಶಶಿಪ್ರಭೆ ಮದುವೆಯಲ್ಲಿ ಇಟ್ಟ ಬಳೆ
ಈಗ ಮೊಣಕೈವರೆಗೆ ಜಾರ್ತದೆ.

ಈಗ ಐದು ತಿಂಗಳಂತೆ ಅವಳಿಗೆ.
ಹಾಗಾದರೆ ಮನೆಯಲ್ಲಿ ಆರು.
ಬಂಗುಡೆ ಈಗಲೂ ನಾಲ್ಕೇ.

ಕಿವಿರು ಎತ್ತಿ ನೋಡದೆ ನೀವು ಮೀನು ಮುಟ್ಟುವವರಲ್ಲ.
ಕೆಂಪಿದ್ದರೆ ಇವತ್ತಿನದ್ದು, ಬಿಳುಚಿದ್ದರೆ
"ಇದನ್ನು ಬೇರೆ ಯಾರಿಗಾದರೂ ಕೊಡು" ಅಂತೀರಿ.
ಅವಳ ಕಣ್ಣಿನ ಕೆಳರೆಪ್ಪೆ
ಒಮ್ಮೆ ಎಳೆದು ನೋಡಿ.

ಹೆಚ್ಚು ತಿಂದರೆ ಮಗು ದೊಡ್ಡದಾಗ್ತದೆ, ಹೆರಿಗೆ ಕಷ್ಟ —
ಗೊತ್ತುಂಟು. ನನ್ನ ಅತ್ತೆಯೂ ಅದನ್ನೇ ಹೇಳಿದ್ದರು.
ಹೆರಿಗೆ ಸುಲಭವೇ ಆಯಿತು.
ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ
ಬರೀ ಬಟ್ಟೆ ಕೊಟ್ಟರು ಅಂದುಕೊಂಡೆ.
ಮೂರು ದಿನ.
ಇರ್ಲಿ, ಆ ಮಾತು ನಿಮ್ಮ ಮೆಟ್ಟಿಲಲ್ಲಿ ಬೇಡ.

ಜೂನಿಗೆ ಬೋಟು ದಡಕ್ಕೆ. ಎರಡು ತಿಂಗಳು
ನನ್ನ ಬುಟ್ಟಿಯಲ್ಲಿ ಒಣಮೀನು, ಉಪ್ಪಿನ ವಾಸನೆ.
ಹೊಟ್ಟೆಯೊಳಗೆ ಇರುವುದಕ್ಕೆ ಮಳೆಗಾಲದ ರಜೆ ಇಲ್ಲ.
ನನ್ನ ಹಿತ್ತಿಲ ನುಗ್ಗೆಸೊಪ್ಪು ತರ್ತೇನೆ,
ಹುರುಳಿ ಜೊತೆ ಬೇಯಿಸಿ, ಬೆಲ್ಲ ಒಂದು ಚೂರು.
ಆಸ್ಪತ್ರೆಯ ಕೆಂಪು ಮಾತ್ರೆ ಅಕ್ಕಿ ಡಬ್ಬಿಯ ಅಡಿಯಲ್ಲಿ
ಮಲಗಿದೆಯಂತೆ. ಯಾರು ಹೇಳಿದರು ಕೇಳಬೇಡಿ.

ಹೆತ್ತ ಮೇಲೆ ನಂಜು, ನಂಜು ಎಂದು
ನಲ್ವತ್ತು ದಿನ ಬರೀ ಗಂಜಿ, ಕಾಳುಮೆಣಸು ಬೇಡ.
ತಾಟೆಮರಿ ತರುವುದು ನನ್ನ ಲೆಕ್ಕ,
ಹಾಲು ಇಳಿಯುವುದು ನೋಡಿ ಆಮೇಲೆ ದುಡ್ಡು ಕೊಡಿ.

ಕೊಸರು ಕೇಳುವುದರಲ್ಲಿ ನೀವು ಗಟ್ಟಿಗರು ಮಾರಾಯ್ರೆ,
ಎರಡು ಬೂತಾಯಿಗೆ ಅರ್ಧ ಗಂಟೆ ಜಗಳ ಆಡಿದ್ದೇವೆ.
ಇವತ್ತು ಕೇಳದೆಯೇ ಹಾಕ್ತೇನೆ, ತೆಗೊಳ್ಳಿ, ಐದನೆಯದ್ದು.
ಅವಳಿಗೆ. ಬಾಲದ ತುಂಡಲ್ಲ, ಇಡೀ ಮೀನು.
ನಾಳೆ ಬಂದು ಮುಳ್ಳು ಎಣಿಸ್ತೇನೆ.

ಏನು, ಸೆರಗು ಯಾಕೆ ಕಣ್ಣಿಗೆ?
ಓ.
ನಿಮಗೂ ಯಾರೂ ಬಡಿಸಲಿಲ್ಲ ಅಲ್ವಾ, ಆಗ.
ನಾಲ್ಕರಲ್ಲಿ ನಿಮ್ಮದೂ ಇರಲಿಲ್ಲವೋ ಏನೋ,
ಅದು ನನ್ನ ಎಣಿಕೆಗೆ ಸಿಗಲೇ ಇಲ್ಲ.

ಬಿಸಿಲೇರಿತು.
ಹೂಂ, ಬುಟ್ಟಿಗೆ ಒಂದು ಕೈ ಕೊಡಿ.